ನಿಮಗಿದು ಗೊತ್ತೇ? ಗೇಮಿನೊಳಗಿನ ಗಾನ

ವಾಡಿ ಜಂಕ್ಷನ್ನಿನಲ್ಲಿ ರೈಲು ತಡವಾಯಿತೆಂದರೆ ಅರ್ಧ ಪ್ಲಾಟ್‌ಫಾರ್ಮು ಮೊಬೈಲ್ ಗೇಮಿಗೆ ಇಳಿದಿರುತ್ತದೆ. ಅದರಲ್ಲಿ ಸದ್ದು ಬಂದ್ ಮಾಡಿ ಆಡುವವರೇ ಬಹಳ. ಹೀಗೆ ಬಂದ್ ಆಗುವ ಸಂಗೀತವನ್ನು ಕಟ್ಟುವವರು ಯಾರು, ಅವರ ಹೊಟ್ಟೆ ತುಂಬಿಸುವವರು ಯಾರು? ಒಂದಿಷ್ಟು ಸಂಗತಿಗಳು ಇಲ್ಲಿವೆ.

● 1978ರ ಜಪಾನಿ ಆಟ ‘ಸ್ಪೇಸ್ ಇನ್ವೇಡರ್ಸ್’ನ ಹಿನ್ನೆಲೆಯಲ್ಲಿ ಇದ್ದದ್ದು ನಾಲ್ಕೇ ಸ್ವರ. ತೆರೆಯ ಮೇಲೆ ಶತ್ರುಗಳು ಕಡಿಮೆಯಾದಷ್ಟೂ ಆ ಸ್ವರಗಳ ಓಟ ಜೋರಾಗುತ್ತಿತ್ತು.

● ಸಿನಿಮಾ ಸಂಗೀತಕ್ಕೆ ದೃಶ್ಯ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಗೊತ್ತಿರುತ್ತದೆ. ಗೇಮ್ ಸಂಗೀತಕ್ಕೆ ಆ ಭಾಗ್ಯವಿಲ್ಲ. ಆಡುವವನು ಒಂದೇ ಬಾಗಿಲ ಮುಂದೆ ಅರ್ಧ ಗಂಟೆ ನಿಂತರೆ ರಾಗವೂ ಅಲ್ಲೇ ಸುತ್ತುತ್ತಿರಬೇಕು, ಬೇಸರ ತರಿಸದೆ. ದೊಡ್ಡಾಟದ ಹಿಮ್ಮೇಳ ವೇಷಧಾರಿಯ ಕುಣಿತ ಮುಗಿಯುವವರೆಗೆ ಪಲ್ಲವಿಯನ್ನು ಎಳೆದು ಹಿಡಿಯುತ್ತದಲ್ಲ, ಅದೇ ಕಸುಬು ಇದು. 1991ರಲ್ಲಿ ‘ಮಂಕಿ ಐಲೆಂಡ್ 2’ ಆಟಕ್ಕಾಗಿ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ‘ಐಮ್ಯೂಸ್’ ಎಂಬ ವ್ಯವಸ್ಥೆಯನ್ನು ರೂಪಿಸಿ, ಈ ಕೆಲಸವನ್ನು ಕಂಪ್ಯೂಟರಿಗೆ ಕಲಿಸಿದರು.

● 1985ರ ‘ಸೂಪರ್ ಮಾರಿಯೋ ಬ್ರದರ್ಸ್’ಗೆ ಕೋಜಿ ಕೊಂಡೊ ಸಂಗೀತ ಬರೆದಾಗ ಆ ಆಟ ಓಡುತ್ತಿದ್ದ ಯಂತ್ರದಲ್ಲಿದ್ದ ನಾದದ ದಾರಿಗಳು ಒಟ್ಟು ಐದು: ರಾಗಕ್ಕೆ ಎರಡು, ಮಂದ್ರಕ್ಕೆ ಒಂದು, ತಾಳದ ಗದ್ದಲಕ್ಕೊಂದು, ಧ್ವನಿಮುದ್ರಿತ ತುಣುಕಿಗೊಂದು. ಅಷ್ಟರಲ್ಲೇ ಹುಟ್ಟಿದ ಆ ಧಾಟಿ 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿ ಸೇರಿತು. ಆ ಪಟ್ಟಿಗೆ ಏರಿದ ಮೊದಲ ಗೇಮ್ ಸಂಗೀತ ಅದು.

● ಬೆಂಗಳೂರಿನ ರಿಕ್ಕಿ ಕೇಜ್ ಓದಿದ್ದು ದಂತವೈದ್ಯಕೀಯ, ಹಿಡಿದದ್ದು ಸಂಗೀತ. 2022ರಲ್ಲಿ ‘ಡಿವೈನ್ ಟೈಡ್ಸ್’ ಆಲ್ಬಂಗೆ ಅವರೊಂದಿಗೆ ಗ್ರ್ಯಾಮಿ ಹಂಚಿಕೊಂಡ ಸ್ಟೂವರ್ಟ್ ಕೋಪ್‌ಲ್ಯಾಂಡ್ ‘ದಿ ಪೊಲೀಸ್’ ತಂಡದ ಡ್ರಮ್ಮರ್ ಎಂದು ಎಲ್ಲರಿಗೂ ಗೊತ್ತು. ಆದರೆ 1998ರ ಪ್ಲೇಸ್ಟೇಷನ್ ಆಟ ‘ಸ್ಪೈರೊ ದಿ ಡ್ರ್ಯಾಗನ್’ಗೆ ಸಂಗೀತ ಕೊಟ್ಟವರೂ ಅವರೇ. ಆರ್ಕೆಸ್ಟ್ರಾಗಳಿಗೂ ಒಪೆರಾಗಳಿಗೂ ಬರೆಯುವ ಕೈ ಅದು.

● ಅದೇ ಕೇಜ್ 2023ರಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೊದಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್‌ನ 100 ವಾದಕರಿಂದ ನಮ್ಮ ರಾಷ್ಟ್ರಗೀತೆ ನುಡಿಸಿದರು. ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರದ ಸಂಗೀತವೂ ಅವರದೇ. ಆ ಚಿತ್ರದ ಇಬ್ಬರು ನಿರ್ದೇಶಕರು ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ.

● ಅಮೋಘವರ್ಷ ಎಂದೊಡನೆ ನಮ್ಮವರಿಗೆ ನೆನಪಾಗುವುದು ಆ ಹೆಸರಿನ ರಾಷ್ಟ್ರಕೂಟ ದೊರೆ, ಅವನ ರಾಜಧಾನಿ ಸೇಡಂ ತಾಲ್ಲೂಕಿನ ಮಳಖೇಡ, ಅಂದಿನ ಮಾನ್ಯಖೇಟ. 10ನೇ ಶತಮಾನದಲ್ಲಿ ಬರಿಗೈಯಲ್ಲಿ ಅಲೆಯುತ್ತ ಅಲ್ಲಿಗೆ ಬಂದ ಅಪಭ್ರಂಶ ಕವಿ ಪುಷ್ಪದಂತನಿಗೆ ಮಂತ್ರಿ ಭರತ ಆಸರೆ ಕೊಟ್ಟ. ಕವಿಯ ‘ಮಹಾಪುರಾಣ’ ಹುಟ್ಟಿದ್ದು ಆ ನೆರಳಿನಲ್ಲಿ.

● ಆಸರೆಯ ಇನ್ನೊಂದು ಕಥೆ ಮೈಸೂರಿನದು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ಧ್ವನಿಮುದ್ರಿಸಲು ಜಯಚಾಮರಾಜ ಒಡೆಯರ್ ಹಣ ಕೊಟ್ಟರು. ಆತ ತನ್ನ ಮೂರನೆಯ ಪಿಯಾನೊ ಕಂಚರ್ಟೊವನ್ನು ಮಹಾರಾಜರಿಗೇ ಅರ್ಪಿಸಿದ. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಸಿದ್ದೂ ಒಡೆಯರ್ ಹಣದ ಬಲದಿಂದ.

● ಅದೇ ಆಲ್ಬರ್ಟ್ ಹಾಲ್‌ನಲ್ಲಿ 2022ರ ಆಗಸ್ಟ್ 1ರಂದು ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ಮೊತ್ತಮೊದಲ ಗೇಮ್ ಸಂಗೀತ ಕಛೇರಿ ನಡೆಯಿತು. ಜಪಾನ್ ಇದರಲ್ಲಿ 35 ವರ್ಷ ಮುಂದಿತ್ತು: ಕೊಯಿಚಿ ಸುಗಿಯಾಮಾ ತಮ್ಮ ‘ಡ್ರ್ಯಾಗನ್ ಕ್ವೆಸ್ಟ್’ ಸಂಗೀತವನ್ನು ಟೋಕಿಯೊದ ಸನ್‌ಟೋರಿ ಹಾಲ್‌ಗೆ ಏರಿಸಿದ್ದು 1987ರಲ್ಲಿ.

● ಈಗ ಆಸರೆ ಕೊಡುವ ಮಹಾರಾಜರ ಜಾಗದಲ್ಲಿ ಆಟ ಕೊಳ್ಳುವ ಆಟಗಾರರೇ ಇದ್ದಾರೆ. ಎರಿಕ್ ಬರೋನ್ ‘ಸ್ಟಾರ್‌ಡ್ಯೂ ವ್ಯಾಲಿ’ (2016) ಎಂಬ ಬೇಸಾಯದ ಆಟದ ಕೋಡ್, ಚಿತ್ರ, ಕಥೆ, ಸಂಗೀತ ನಾಲ್ಕನ್ನೂ ಒಬ್ಬರೇ ಮಾಡಿದರು. 2024ರಲ್ಲಿ ಆ ರಾಗಗಳು ವಾದ್ಯವೃಂದದೊಡನೆ ಊರೂರು ಸುತ್ತಿದವು.

● ಟೋಬಿ ಫಾಕ್ಸ್ ತಮ್ಮ ‘ಅಂಡರ್‌ಟೇಲ್’ (2015) ಆಟಕ್ಕೆ ಕೊಟ್ಟ ಆಲ್ಬಂನಲ್ಲಿ 101 ತುಣುಕುಗಳಿವೆ. ಅವುಗಳಲ್ಲೊಂದು 2022ರ ಜನವರಿಯಲ್ಲಿ ವ್ಯಾಟಿಕನ್‌ನಲ್ಲಿ, ಸರ್ಕಸ್ ಕಲಾವಿದರ ಕಸರತ್ತಿನ ಜೊತೆ, ಪೋಪ್ ಫ್ರಾನ್ಸಿಸ್ ಎದುರಲ್ಲೇ ಮೊಳಗಿತು.

● ಗ್ರ್ಯಾಮಿ ಗೆದ್ದ ಮೊದಲ ಗೇಮ್ ಸಂಗೀತ ಕ್ರಿಸ್ಟೋಫರ್ ಟಿನ್ ಅವರ ‘ಬಾಬಾ ಯೇತು’. ಆಟ 2005ರ ‘ಸಿವಿಲೈಸೇಶನ್ 4’, ಹಾಡು ಸ್ವಾಹಿಲಿ ಭಾಷೆಯದು, ಪ್ರಶಸ್ತಿ ಬಂದದ್ದು 2011ರಲ್ಲಿ. ಆ ಹಾಡಿನಿಂದ ಶುರುವಾಗುವ ಆಲ್ಬಂನಲ್ಲಿ ಭಗವದ್ಗೀತೆ ಆಧಾರಿತ ಸಂಸ್ಕೃತ ಗೀತೆಯೂ ಇದೆ. ಗೇಮ್ ಸಂಗೀತಕ್ಕೇ ಪ್ರತ್ಯೇಕ ಗ್ರ್ಯಾಮಿ ಶುರುವಾದದ್ದು 2023ರಲ್ಲಿ. ಮೊದಲು ಗೆದ್ದವರು ಸ್ಟೆಫನಿ ಇಕಾನಮೂ.

● ಭಾರತದ ಮೊದಲ ಗೇಮ್ ಕಂಪನಿಗಳಲ್ಲೊಂದಾದ ‘ಧ್ರುವ ಇಂಟರಾಕ್ಟಿವ್’ 1997ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. ದುರ್ಗೆ, ವಿಷ್ಣು ಬರುವ ಪುಣೆಯ ‘ರಾಜಿ’ (2020) ಆಟಕ್ಕೆ ಸಂಗೀತ ಕೊಟ್ಟವರು ಮಾತ್ರ ಗ್ರೀಸಿನ ಲಿನೋಸ್ ಜೆಲೋಸ್! ಟೊರಾಂಟೊದ ತಮಿಳು ಅಡುಗೆ ಆಟ ‘ವೆಣ್ಬಾ’ದಲ್ಲಿ (2023) ಅಡುಗೆಮನೆಯ ರೇಡಿಯೊ ಹಾಡುಗಳು ಕಥೆಯ ಕಾಲಕ್ಕೆ ತಕ್ಕಂತೆ ಧಾಟಿ ಬದಲಿಸುತ್ತವೆ. ಕನ್ನಡದ ಹುಡುಗರಿಗೆ ಇಲ್ಲಿ ಬೇಕಾದಷ್ಟು ಜಾಗ ಖಾಲಿ ಇದೆ.

● ಶುರು ಮಾಡಲು ಖರ್ಚಿಲ್ಲ. ಸ್ವರಲಿಪಿಗೆ ‘ಮ್ಯೂಸ್‌ಸ್ಕೋರ್’, ರಾಗ ಕಟ್ಟಲು ‘ಎಲ್‌ಎಂಎಂಎಸ್’ ಪುಕ್ಕಟೆ ಸಿಗುತ್ತವೆ. ಗೇಮಿಗೆ ಸದ್ದು ಜೋಡಿಸುವ ‘ಎಫ್‌ಮಾಡ್’ ಕೂಡ ಸಣ್ಣ ಬಜೆಟ್ಟಿನವರಿಗೆ ಉಚಿತ. ಕಚ್ಚಾ ಸರಕು ಸುತ್ತಲೇ ಇದೆ: ಶಹಾಬಾದ್ ಕಲ್ಲಿನ ಮೇಲೆ ಬೀಳುವ ಉಳಿಯೇಟು, ಚಿತ್ತಾಪುರದ ಸಂತೆಯ ಕೂಗು, ಚಂದ್ರಂಪಳ್ಳಿ ಜಲಾಶಯದ ದಂಡೆಯ ಹಕ್ಕಿ, ಗಾಳಿ. ಆದರೆ ಜಲಾಶಯದ ಸುತ್ತ ಇರುವುದು ಚಿಂಚೋಳಿ ವನ್ಯಜೀವಿಧಾಮ. ಮೈಕ್ ಹಿಡಿದು ಕಾಡಿಗೆ ಇಳಿಯುವ ಮುಂಚೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.

● ನೀವು ಕಟ್ಟಿದ ರಾಗದ ಹಕ್ಕು ನಿಮ್ಮ ಜೀವಿತಾವಧಿಗೂ, ಆಮೇಲೆ ವಾರಸುದಾರರಿಗೆ 60 ವರ್ಷಕ್ಕೂ ಇರುತ್ತದೆ. ಸಂಬಳದ ನೌಕರನಾಗಿ ಮಾಡಿದ್ದಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಕ್ಕು ಮಾಲೀಕನದು. ಸ್ವತಂತ್ರ ಸಂಯೋಜಕನ ಹಕ್ಕು ಲಿಖಿತ ಕರಾರಿಲ್ಲದೆ ಕೈ ಬದಲಾಗುವುದಿಲ್ಲ. ಕರಾರಿನಲ್ಲಿ ಅವಧಿ ನಮೂದಿಸದಿದ್ದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಆ ವರ್ಗಾವಣೆ 5 ವರ್ಷ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ಸಹಿ ಹಾಕುವ ಮುನ್ನ ಈ ಎರಡು ಸಾಲು ಹುಡುಕಿ ಓದಿ.