ವಾಲ್ಯೂಮ್ 50ಕ್ಕೆ ಇಟ್ಟರೆ ಅರ್ಧ ಸದ್ದು ಬರುತ್ತದೆಯೇ?

ಕುರುಗೋಡಿನ ಜಾತ್ರೆಗೋ, ಸಿರುಗುಪ್ಪದ ಕಡೆಯ ಬಯಲಾಟಕ್ಕೋ ಮೈಕ್‌ಸೆಟ್ ಹಾಕುವವರ ಕೈಯಲ್ಲಿ ಈಗ ಕ್ಯಾಸೆಟ್ ಇಲ್ಲ, ಲ್ಯಾಪ್‌ಟಾಪ್ ಇದೆ. ಹಾಡು ಅಲ್ಲಿಂದ ಮಿಕ್ಸರ್‌ಗೆ, ಮಿಕ್ಸರ್‌ನಿಂದ ಆಂಪ್ಲಿಫೈಯರ್‌ಗೆ ಹೋಗುತ್ತದೆ. ಪರದೆಯ ಮೂಲೆಯಲ್ಲಿರುವ ವಾಲ್ಯೂಮ್ ಪಟ್ಟಿಯನ್ನು ಅವರು ನಂಬುವ ರೀತಿಗೂ, ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದುತ್ತ ಅಂಥದೇ ಪಟ್ಟಿಗೆ ಕೋಡ್ ಬರೆಯಲು ಕೂತ ಹುಡುಗ ನಂಬುವ ರೀತಿಗೂ ಹೆಚ್ಚು ವ್ಯತ್ಯಾಸವಿಲ್ಲ. ಲಿನಕ್ಸ್ ಡೆಸ್ಕ್‌ಟಾಪನ್ನು ಮುಂದಿಟ್ಟುಕೊಂಡು ಅಂಥ ಕೆಲವು ನಂಬಿಕೆಗಳನ್ನು ನೋಡೋಣ.

ತಪ್ಪು ಕಲ್ಪನೆ: ಪಟ್ಟಿ 50ರಲ್ಲಿದ್ದರೆ ಸದ್ದು ಅರ್ಧ.

ವಾಸ್ತವ: ಪಟ್ಟಿಯ ಅಂಕಿಯನ್ನು ನೇರವಾಗಿ ಧ್ವನಿಯ ಅಂಕಿಗೆ ಗುಣಿಸಿದರೆ 50ರಲ್ಲಿ ಇಳಿಯುವುದು ಬರೀ 6 ಡೆಸಿಬೆಲ್. ಕಿವಿಗೆ ಅರ್ಧ ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ಹಾಗಾಗಿ ಹೀಗೆ ಬರೆದ ಪಟ್ಟಿಯಲ್ಲಿ 100ರಿಂದ 50ರವರೆಗೆ ಎಳೆದರೂ ಹೆಚ್ಚೇನೂ ಆದಂತೆ ಕಾಣುವುದಿಲ್ಲ, 10ರ ಕೆಳಗೆ ಬಂದಾಗ ಸದ್ದು ದಬಕ್ಕನೆ ಬೀಳುತ್ತದೆ. ಲಿನಕ್ಸ್‌ನಲ್ಲಿ ಧ್ವನಿ ನೋಡಿಕೊಳ್ಳುವ ಪಲ್ಸ್‌ಆಡಿಯೋ ಇದಕ್ಕೆ ಹಿಡಿದ ದಾರಿ ಸರಳ: ಅಂಕಿಯ ಘನ ಮಾಡಿಕೊಂಡು ಗುಣಿಸುವುದು. 0.5ರ ಘನ 0.125, ಅಂದರೆ 18 ಡೆಸಿಬೆಲ್ ಇಳಿತ. ಇದು ಅರ್ಧಕ್ಕಿಂತಲೂ ಕಡಿಮೆಯೇ ಆಯಿತು, ಒಪ್ಪಿದೆ. ಆದರೆ ಪಟ್ಟಿಯ ಉದ್ದಕ್ಕೂ ಏರಿಳಿತ ಕೈಗೆ ಸಿಗುತ್ತದೆ.

ಕೋಡ್‌ನಲ್ಲಿ ಇದು ಒಂದೇ ಸಾಲಿನ ಬದಲಾವಣೆ. ಅಷ್ಟಕ್ಕೇ ನಿಲ್ಲಿಸಿದರೆ ಮಾತ್ರ ಎಡವಟ್ಟು. ಹಳೇ ಲೆಕ್ಕದಲ್ಲಿ 20ಕ್ಕೆ ಇಟ್ಟು ಆರಾಮಾಗಿ ಕೇಳುತ್ತಿದ್ದವನ ಸೆಟ್ಟಿಂಗ್ ಕಡತದಲ್ಲಿ 20 ಎಂದೇ ಉಳಿದಿರುತ್ತದೆ. ಹೊಸ ಲೆಕ್ಕದಲ್ಲಿ ಆ 20 ಅಂದರೆ 0.008, ಅಂದರೆ 42 ಡೆಸಿಬೆಲ್ ಕೆಳಗೆ. ‘ಅಪ್‌ಡೇಟ್ ಮಾಡಿದ್ಮೇಲೆ ಸೌಂಡೇ ಇಲ್ರೀ’ ಎಂಬ ದೂರು ಬರುವುದು ಇಂಥಲ್ಲೇ. ಉಳಿಸಿಟ್ಟ ಅಂಕಿಯ ಘನಮೂಲ ತೆಗೆದು 20ನ್ನು 58 ಮಾಡಿ ಬರೆಯುವ ಇನ್ನೊಂದು ಪುಟ್ಟ ಬದಲಾವಣೆ ಅದರ ಬೆನ್ನಿಗೇ ಇರಬೇಕು.

ತಪ್ಪು ಕಲ್ಪನೆ: 100 ದಾಟಿಸಿದರೆ ಸ್ಪೀಕರ್‌ಗೆ ಪವರ್ ಹೆಚ್ಚುತ್ತದೆ.

ವಾಸ್ತವ: 100 ಅಂದರೆ ಸೊನ್ನೆ ಡೆಸಿಬೆಲ್, ಹಾಡನ್ನು ಇದ್ದದ್ದು ಇದ್ದ ಹಾಗೆ ಕಳಿಸುವ ಮಟ್ಟ. ಪಲ್ಸ್‌ಆಡಿಯೋ ಪಟ್ಟಿಗಳು ಸುಮಾರು 153ರವರೆಗೆ ಹೋಗಬಲ್ಲವು. ಅದು 11 ಡೆಸಿಬೆಲ್ ಹೆಚ್ಚು. 16 ಬಿಟ್ ಧ್ವನಿಯಲ್ಲಿ ಅತಿ ದೊಡ್ಡ ಅಂಕಿ 32767. ಅದನ್ನು ಮೀರಿದ ಅಲೆಯ ತಲೆ ಅಲ್ಲಿಗೇ ಕತ್ತರಿಸಿಹೋಗುತ್ತದೆ, ಕೇಳುವವರಿಗೆ ಗರಗರ. ಮೆಲ್ಲಗೆ ರೆಕಾರ್ಡ್ ಆದ ಹಳೇ ಬಯಲಾಟದ ಧ್ವನಿಗೆ ಈ ಸೌಲಭ್ಯ ನಿಜಕ್ಕೂ ಬೇಕು. ಈಗಿನ ಸಿನಿಮಾ ಹಾಡು ಮೊದಲೇ ಮೇಲಿನ ಅಂಚು ಮುಟ್ಟುತ್ತಿರುತ್ತದೆ, ಅದಕ್ಕೆ ಬೇಡ. ‘ಸೌಂಡ್ ಜಾಸ್ತಿ ಮಾಡ್ರೀ ಅಣ್ಣಾ’ ಎಂದು ಜನ ಕೂಗಿದಾಗ ಲ್ಯಾಪ್‌ಟಾಪ್ ಮುಟ್ಟದೆ ಮಿಕ್ಸರ್‌ನಲ್ಲಿ ಏರಿಸುವುದೇ ಸರಿ. ಕೋಡ್ ಬರೆಯುವವರು 100ರ ಹತ್ತಿರ ಒಂದು ಗೀಟು ಎಳೆದು, ಪಟ್ಟಿ ಅಲ್ಲಿ ಒಂದು ಕ್ಷಣ ತಡೆಯುವಂತೆ ಮಾಡಿದರೆ ಅರ್ಧ ತೊಂದರೆ ತಪ್ಪುತ್ತದೆ.

ತಪ್ಪು ಕಲ್ಪನೆ: ಮ್ಯೂಟ್ ಅಂದರೆ ಸೊನ್ನೆ.

ವಾಸ್ತವ: ಮ್ಯೂಟ್ ಬೇರೆಯೇ ಗುರುತು. ಅದನ್ನು ಸೊನ್ನೆ ಮಾಡಿ ಬರೆದರೆ ಹಿಂದಿನ ಮಟ್ಟ ಮರೆತುಹೋಗುತ್ತದೆ.

ತಪ್ಪು ಕಲ್ಪನೆ: ಪಟ್ಟಿ ಎಳೆಯುವಾಗ ಬರುವ ಚಟಚಟ ವೈರಿನ ದೋಷ.

ವಾಸ್ತವ: ವೈರೂ ಇರಬಹುದು, ಜ್ಯಾಕ್ ಅಲ್ಲಾಡಿಸಿ ನೋಡಿ. ಆದರೆ ಎಳೆದಾಗ ಮಾತ್ರ ಸದ್ದು ಬಂದರೆ ಅನುಮಾನ ಕೋಡ್ ಮೇಲೆ. ಅಲೆಯ ನಟ್ಟನಡುವೆ ಮಟ್ಟ ಥಟ್ಟನೆ ಬದಲಾದರೆ ಅಲ್ಲೊಂದು ಮೆಟ್ಟಿಲು ಬೀಳುತ್ತದೆ, ಕಿವಿಗೆ ಅದೇ ಚಟಚಟ. ಹಳೇ ಮಟ್ಟದಿಂದ ಹೊಸದಕ್ಕೆ 10 ಮಿಲಿಸೆಕೆಂಡ್‌ನಲ್ಲಿ ಹಂತಹಂತವಾಗಿ ಜಾರಿಸಿದರೆ ಸಾಕು. ಸೆಕೆಂಡಿಗೆ 48,000 ಮಾದರಿಗಳ ಧ್ವನಿಯಲ್ಲಿ ಅದು 480 ಮಾದರಿ.

ತಪ್ಪು ಕಲ್ಪನೆ: ಇಷ್ಟೆಲ್ಲ ತೇಪೆ ಹಾಕುವ ಬದಲು ಹೊಸದಾಗಿ ಬರೆಯುವುದೇ ಲೇಸು.

ವಾಸ್ತವ: ಈ ಆಸೆ ಎಲ್ಲರಿಗೂ ಬರುತ್ತದೆ. ಲಿನಕ್ಸ್‌ನಲ್ಲೇ ಧ್ವನಿಯ ವ್ಯವಸ್ಥೆ ಬದಲಾಗಿದೆ: ಲಿನಕ್ಸ್‌ನ ಒಂದು ಬಗೆಯಾದ ಫೆಡೋರಾ 2007ರಲ್ಲಿ ಪಲ್ಸ್‌ಆಡಿಯೋ ಹಿಡಿಯಿತು, 2021ರಲ್ಲಿ ಪೈಪ್‌ವೈರ್‌ಗೆ ಹೋಯಿತು. ಆದರೆ ಪೈಪ್‌ವೈರ್ ಹಳೆಯ ಪಲ್ಸ್‌ಆಡಿಯೋದ ಭಾಷೆಯಲ್ಲೇ ಮಾತಾಡಬಲ್ಲದಾದ್ದರಿಂದ ಹಿಂದೆ ಬರೆದ ವಾಲ್ಯೂಮ್ ಪಟ್ಟಿಗಳು ಹಾಗೇ ನಡೆದವು. ಒಳಗಿನ ಯಂತ್ರ ಬದಲಾದರೂ ಹೊರಗಿನ ಹಿಡಿಕೆಯನ್ನು ಯಾರೂ ಕೀಳಲಿಲ್ಲ.

ತೇಪೆಯನ್ನೂ ಒಂದೊಂದಾಗಿಯೇ ಹಾಕಬೇಕು. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಪ್ಯಾಚ್, ಅಂದರೆ ತೇಪೆ, ಕಳಿಸುವವರಿಗೊಂದು ನಿಯಮವಿದೆ: ಒಂದು ಪ್ಯಾಚ್‌ನಲ್ಲಿ ಒಂದೇ ಬದಲಾವಣೆ. ಘನದ ಲೆಕ್ಕ, ಮ್ಯೂಟ್, ಚಟಚಟ ಎಲ್ಲವನ್ನೂ ಒಟ್ಟಿಗೆ ತುರುಕಿದರೆ ಕೆಟ್ಟಾಗ ಯಾವುದರಿಂದ ಕೆಟ್ಟಿತೆಂದು ಹುಡುಕುವವರು ಯಾರು? ಬಿಡಿಬಿಡಿಯಾಗಿದ್ದರೆ, ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನ ಬೈಸೆಕ್ಟ್ ಆಜ್ಞೆ ಪ್ರತಿ ಸಲ ಅರ್ಧವನ್ನು ಬದಿಗೊತ್ತುತ್ತ 64 ಬದಲಾವಣೆಗಳಲ್ಲಿ ತಪ್ಪಿತಸ್ಥನನ್ನು ಆರೇ ಪರೀಕ್ಷೆಯಲ್ಲಿ ಹಿಡಿದುಕೊಡುತ್ತದೆ.

ತಪ್ಪು ಕಲ್ಪನೆ: ಸೆಟ್ಟಿಂಗನ್ನು ಪ್ರೋಗ್ರಾಂ ಮುಚ್ಚುವಾಗ ಉಳಿಸಿದರಾಯಿತು.

ವಾಸ್ತವ: ಕರೆಂಟ್ ಹೇಳಿ ಹೋಗುವುದಿಲ್ಲ. ಬ್ಯಾಟರಿ ಸತ್ತ ಹಳೇ ಲ್ಯಾಪ್‌ಟಾಪ್ ಆದರೆ ಮಟ್ಟವೂ ಅದರ ಜೊತೆಗೇ ಹೋಯಿತು. ಹಾಗೆಂದು ಪಟ್ಟಿ ಅಲುಗಿದ ಪ್ರತಿ ಸಲವೂ ಡಿಸ್ಕ್‌ಗೆ ಬರೆಯಬೇಕಿಲ್ಲ. ಕೈ ನಿಂತು ಅರ್ಧ ಸೆಕೆಂಡ್ ಆದ ಮೇಲೆ ಒಮ್ಮೆ ಬರೆದರೆ ಸಾಕು. ಹೆಡ್‌ಫೋನ್‌ಗೆ ಒಂದು, ಹೊರಗಿನ ಲೈನ್‌ಗೆ ಇನ್ನೊಂದು ಅಂಕಿ ಇಡುವುದು ಒಳ್ಳೆಯದು. ಇಲ್ಲವಾದರೆ ಮಿಕ್ಸರ್‌ಗೆಂದು 100ಕ್ಕೆ ಏರಿಸಿಟ್ಟಿದ್ದು, ಮರುದಿನ ಹೆಡ್‌ಫೋನ್ ಚುಚ್ಚಿದವನ ಕಿವಿಗೆ ಬಡಿಯುತ್ತದೆ.