ಗ್ರಂಥಾಲಯದಲ್ಲಿ ಪುಟಾಣಿಗಳ ಕಥೆಯ ಹೊತ್ತು

ಅಜ್ಜಿಯ ಮಗ್ಗುಲಲ್ಲಿ ಮಲಗಿ ಕಥೆ ಕೇಳಿದ ನೆನಪು ನಮ್ಮಲ್ಲಿ ಅನೇಕರಿಗೆ ಇರಬಹುದು. ಕಥೆಗೆ ಮುನ್ನ ಅಜ್ಜಿಯದೊಂದು ಕರಾರು: ಕೇಳುವವರು ನಡುನಡುವೆ ‘ಹೂಂ’ ಎನ್ನಬೇಕು. ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತಿತ್ತು. ಇಂದು ಎಷ್ಟೋ ಮನೆಗಳಲ್ಲಿ ಆ ಹೊತ್ತನ್ನು ದೂರದರ್ಶನ ಮತ್ತು ಮೊಬೈಲುಗಳು ಆಕ್ರಮಿಸಿವೆ. ಮಗು ನೋಡುತ್ತದೆ, ಕೇಳುತ್ತದೆ. ಆದರೆ ಅದರ ‘ಹೂಂ’ಗಾಗಿ ಕಾಯುವವರಿಲ್ಲ. ಮಾತು ಮೊಳೆಯುವ ವಯಸ್ಸಿನಲ್ಲಿ ಇದು ಸಣ್ಣ ನಷ್ಟವಲ್ಲ.

ಈ ಕೊರತೆಯನ್ನು ತುಂಬಲು ಊರಿನ ಗ್ರಂಥಾಲಯವೇ ತಕ್ಕ ಸ್ಥಳ. ಪ್ರತಿಯೊಬ್ಬ ಓದುಗನಿಗೂ ಅವನಿಗೆ ಸಲ್ಲುವ ಪುಸ್ತಕ ದೊರೆಯಬೇಕೆಂಬುದು ಡಾ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳಲ್ಲೊಂದು. ನಮ್ಮ ರಾಜ್ಯದಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಅಭಿಯಾನವು 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯತಿ ಗ್ರಂಥಾಲಯಗಳ ಉಚಿತ ಸದಸ್ಯತ್ವ ಒದಗಿಸಿತು. ಮೂರರಿಂದ ಆರು ವರ್ಷದ ಎಳೆಯರಿಗೆ ಅಲ್ಲೊಂದು ಸ್ಥಾನ ಕಲ್ಪಿಸುವ ಕೆಲಸ ಹಿರಿಯರಾದ ನಮ್ಮದು.

ಸಿದ್ಧತೆ

ವಾರಕ್ಕೊಮ್ಮೆ, ನಿಗದಿತ ದಿನ, ಮಕ್ಕಳು ಉಂಡು ದಣಿಯದ ಬೆಳಗಿನ ವೇಳೆಯಲ್ಲಿ ಅರ್ಧ ಗಂಟೆ ಸಾಕು. ಹನ್ನೆರಡು-ಹದಿನೈದು ಮಕ್ಕಳಿಗಿಂತ ಹೆಚ್ಚು ಬೇಡ. ಜಮಖಾನ ಹಾಸಿ ಅರ್ಧವೃತ್ತದಲ್ಲಿ ಕೂರಿಸಿ, ತಾಯಂದಿರನ್ನೋ ಅಜ್ಜ-ಅಜ್ಜಿಯರನ್ನೋ ಜೊತೆಗೆ ಕೂರಿಸಬೇಕು. ಕಿಟಕಿಯ ಬೆಳಕು ಪುಸ್ತಕದ ಮೇಲೆ ಬೀಳಲಿ, ಮಕ್ಕಳ ಕಣ್ಣಿಗಲ್ಲ. ದೊಡ್ಡ ಚಿತ್ರಗಳ, ಪುಟಕ್ಕೆ ಒಂದೆರಡು ವಾಕ್ಯಗಳ ಪುಸ್ತಕವನ್ನು ಆರಿಸಿ, ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿ ನೋಡಿಕೊಳ್ಳಬೇಕು.

ಸ್ವಾಗತದ ಹಾಡು, ಒಂದು ಕಥೆ, ಕೈಕಾಲು ಆಡಿಸುವ ಅಭಿನಯ ಗೀತೆ, ಮತ್ತೊಂದು ಚಿಕ್ಕ ಕಥೆ, ಕೊನೆಗೆ ಪುಸ್ತಕಗಳನ್ನು ಮುಟ್ಟಿ ಆರಿಸುವ ಬಿಡುವು: ಕ್ರಮ ಇಷ್ಟೇ. ಒಂದೊಂದು ಕಥೆಯೂ ಏಳೆಂಟು ನಿಮಿಷ ಮೀರದಿರಲಿ. ಪ್ರತಿ ವಾರವೂ ಇದೇ ಕ್ರಮವಿದ್ದರೆ ಅಂಜುವ ಮಗುವಿಗೂ ಧೈರ್ಯ ಬರುತ್ತದೆ.

ಮಗುವಿನ ಸರದಿ

ಕಾಗಕ್ಕ-ಗುಬ್ಬಕ್ಕನ ಕಥೆಯನ್ನೇ ನೋಡಿ. ಮಳೆಗೆ ಸಗಣಿಯ ಮನೆ ಕರಗಿ, ಕಾಗಕ್ಕ ಗುಬ್ಬಕ್ಕನ ಬಾಗಿಲು ತಟ್ಟುತ್ತಾಳೆ. ಗುಬ್ಬಕ್ಕ ಪ್ರತಿ ಸಲವೂ ಒಂದೊಂದು ನೆವ ಹೇಳುತ್ತಾಳೆ. ಬಾಗಿಲು ತಟ್ಟುವ ಸದ್ದು ಮಕ್ಕಳದಾಗಲಿ. ಮುಂದಿನ ನೆವವನ್ನೂ ಅವರೇ ಕಟ್ಟಲಿ. ‘ನೀನಾಗಿದ್ದರೆ ಬಾಗಿಲು ತೆಗೆಯುತ್ತಿದ್ದೆಯಾ?’ ಎಂದು ಕೇಳಿ, ಮನಸ್ಸಿನಲ್ಲೇ ಐದು ಎಣಿಸುವವರೆಗೆ ಸುಮ್ಮನಿರಬೇಕು. ನಾವು ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ. ಮಗು ಬಾಯಿ ತೆರೆಯುವಷ್ಟರಲ್ಲಿ ಉತ್ತರವನ್ನು ನಾವೇ ಹೇಳಿಬಿಡುತ್ತೇವೆ!

ಮಗು ‘ಕಾಗಿ’ ಎಂದರೆ ತಿದ್ದಬೇಡಿ. ‘ಹೌದು, ಮಳೆಯಲ್ಲಿ ನೆಂದ ಕರಿಯ ಕಾಗೆ’ ಎಂದು ಅದರ ಮಾತಿಗೆ ಎರಡು ಮಾತು ಕೂಡಿಸಿ. ಮನೆಯಲ್ಲಿ ಉರ್ದು, ಮರಾಠಿ, ತೆಲುಗು ಆಡುವ ಮಕ್ಕಳು ತಮ್ಮ ನುಡಿಯಲ್ಲೇ ಉತ್ತರಿಸಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಓದುವಾಗ ಪ್ರಶ್ನೆ ಕೇಳಿ, ಮಗುವಿನ ಮಾತನ್ನು ಬೆಳೆಸುವ ಕ್ರಮವನ್ನು ತಂದೆತಾಯಿಗಳು ಒಂದು ತಿಂಗಳು ಅನುಸರಿಸಿದಾಗ, ಆ ಮಕ್ಕಳ ಮಾತಿನ ಶಕ್ತಿ ಎಂದಿನಂತೆ ಓದಿಸಿಕೊಂಡ ಮಕ್ಕಳಿಗಿಂತ ಮುಂದಿತ್ತು.

ಮೊದಲ ವಾರ ಒಂದು ಮಗು ಮೂಲೆಯಲ್ಲಿ ಮೌನವಾಗಿ ಕುಳಿತೇ ಇರಬಹುದು. ಬಲವಂತ ಬೇಡ. ಅದೇ ಕಥೆಯನ್ನು ಮುಂದಿನ ವಾರವೂ ಹೇಳಿ. ತಿಳಿದ ಕಥೆಯಲ್ಲಿ ಮಗು ತಾನಾಗಿಯೇ ಬಾಯಿ ಹಾಕುತ್ತದೆ. ಮನೆಗೆ ಹೊರಡುವಾಗ ಹಿರಿಯರ ಹೆಸರಿನಲ್ಲಿ ಒಂದು ಪುಸ್ತಕ ಪಡೆದು ಅದರ ಕೈಗಿಡಿ.

ಮಹಿಳಾ ಸಂಘದ ಸೋದರಿಯರು, ನಿವೃತ್ತ ಶಿಕ್ಷಕರು ಗ್ರಂಥಪಾಲಕರೊಡನೆ ಮಾತನಾಡಿ ಈ ಕಾರ್ಯಕ್ಕೆ ಕೈಹಚ್ಚಬಹುದು. ಇದಕ್ಕೆ ಹಣ ಬೇಡ, ವೇದಿಕೆ ಬೇಡ. ಒಂದು ಜಮಖಾನ, ನಾಲ್ಕು ಪುಸ್ತಕ, ಪುಟ್ಟದೊಂದು ‘ಹೂಂ’ಗಾಗಿ ಕಾಯುವ ತಾಳ್ಮೆ ಇದ್ದರೆ ಸಾಕು.