ಪಥ್ಯದವರಿಗಾಗಿ ಕೋಕೋ ಹೂರಣದುಂಡೆ: ಮನೆಯಲ್ಲಿ ತಯಾರಿಸುವ ಕ್ರಮ

(ಎಲ್.ಏಜಿ. ಪದವೀಧರರಾದ ವ್ಯವಸಾಯದ ಇನ್‌ಸ್ಪೆಕ್ಟರರೊಬ್ಬರು ಬರೆದುದು)

ದಕ್ಷಿಣ ಕನ್ನಡ ಜಿಲ್ಲೆಯ ಅಡಿಕೆ, ತೆಂಗಿನ ತೋಟಗಳ ಯಜಮಾನರಿಗೆ ಕೋಕೋ ಗಿಡವು ಹೊಸದಲ್ಲ. ಅಡಿಕೆ ಮರಗಳ ನೆರಳಿನಲ್ಲಿ ಉಪಬೆಳೆಯಾಗಿ ೧೯೭೦ರ ದಶಕದಲ್ಲಿ ಹಬ್ಬಿದ ಈ ಗಿಡದ ಬೀಜಕ್ಕೆ ೧೯೮೦ರ ಸುಮಾರಿಗೆ ಬೆಲೆಯು ಕುಸಿದು ರೈತರು ಕಂಗೆಟ್ಟದ್ದೂ, ಆಗ ಮಂಗಳೂರಿನ ಕ್ಯಾಂಪ್ಕೊ ಸಹಕಾರ ಸಂಸ್ಥೆಯು ಖರೀದಿಗೆ ಮುಂದಾಗಿ ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನು ಸ್ಥಾಪಿಸಿದ್ದೂ ಹಿರಿಯರ ನೆನಪಿನಲ್ಲಿರುವ ಸಂಗತಿಗಳೇ. ಹೀಗಿದ್ದರೂ ಬೀಜವನ್ನು ಹಸಿಯಾಗಿಯೇ ತೂಗಿ ಕೊಟ್ಟು, ಮನೆಯ ಮಕ್ಕಳಿಗೆ ಪೇಟೆಯಿಂದ ಚಾಕೊಲೇಟು ಕೊಂಡು ತರುವುದೇ ನಮ್ಮಲ್ಲಿ ವಾಡಿಕೆಯಾಗಿದೆ. ಇತ್ತೀಚೆಗೆ ಕೆಲವು ಮನೆಗಳಲ್ಲಿ ಹೆಂಗಸರು ತಮ್ಮ ತೋಟದ ಕೋಕೋವಿನಿಂದಲೇ ತಿಂಡಿ ಮಾಡಲು ತೊಡಗಿರುವುದು ಸಂತೋಷದ ವಿಷಯ. ಆದರೆ ಅದರ ಜೊತೆಯಲ್ಲಿಯೇ ಒಂದು ತಪ್ಪು ತಿಳಿವಳಿಕೆಯೂ ಹಬ್ಬುತ್ತಲಿರುವುದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ಕಳೆದ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗದ ತನಿಖೆಗೆಂದು ಸಂಚಾರ ಹೋಗಿದ್ದಾಗ ಒಬ್ಬ ಯಜಮಾನರ ಮನೆಯಲ್ಲಿ ಗೃಹಪ್ರವೇಶದ ಊಟಕ್ಕೆ ನಿಲ್ಲಬೇಕಾಗಿ ಬಂತು. ಎಲೆಯ ಕೊನೆಯಲ್ಲಿ ಕೋಕೋವಿನ ಉಂಡೆಗಳನ್ನು ಬಡಿಸಿದರು. ಮನೆಯ ಹಿರಿಯರಿಗೆ ಹತ್ತು ವರ್ಷಗಳಿಂದ ಸಿಹಿಮೂತ್ರ ರೋಗ. “ಅಪ್ಪಯ್ಯ, ಇದಕ್ಕೆ ಸಕ್ಕರೆ ಮುಟ್ಟಿಸಿಲ್ಲ, ಧೈರ್ಯವಾಗಿ ತಿನ್ನಿ” ಎಂದು ಸೊಸೆಯು ಪ್ರೀತಿಯಿಂದ ಹೇಳಿದಳು. ಅವರು ಆರು ಉಂಡೆಗಳನ್ನು ತಿಂದರು. ಸಾಯಂಕಾಲ ನೆತ್ತರು ಪರೀಕ್ಷಿಸಿದಾಗ ಯಂತ್ರದ ಅಂಕಿಯು ೩೦೦ನ್ನು ದಾಟಿತ್ತು. ಸೊಸೆಯು ಸುಳ್ಳು ಹೇಳಿದವಳಲ್ಲ. ಸಕ್ಕರೆಯನ್ನು ನಿಜವಾಗಿಯೂ ಹಾಕಿರಲಿಲ್ಲ. ಹಾಕಿದ್ದು ಖರ್ಜೂರ, ಬೆಲ್ಲದಲ್ಲಿ ಕಾಯಿಸಿದ ಹಲಸಿನ ಬೆರಟಿ ಮತ್ತು ಜೇನು. ಬೆಲ್ಲವೂ ಜೇನೂ ಖರ್ಜೂರವೂ ನೆತ್ತರಿಗೆ ಸೇರಿದ ಮೇಲೆ ಸಕ್ಕರೆಯಂತೆಯೇ ನಡೆದುಕೊಳ್ಳುತ್ತವೆಂಬುದನ್ನು ಆ ಮನೆಗೆ ಯಾರೂ ತಿಳಿಸಿರಲಿಲ್ಲ.

ಹೂರಣವಿರುವ ಈ ಉಂಡೆಗೆ ಪರದೇಶಗಳಲ್ಲಿ ಟ್ರಫಲ್ ಎಂದು ಹೆಸರು. ಫ್ರಾನ್ಸು, ಇಟಲಿ ಮುಂತಾದ ದೇಶಗಳಲ್ಲಿ ಮರಗಳ ಬೇರಿನ ಬಳಿ ನೆಲದೊಳಗೆ ಬೆಳೆಯುವ, ಬಹು ಬೆಲೆಬಾಳುವ ಒಂದು ಅಣಬೆಗೆ ಆ ಹೆಸರಿದೆ. ಕೋಕೋ ಪುಡಿಯಲ್ಲಿ ಹೊರಳಿಸಿದ ಉಂಡೆಯು ಮಣ್ಣು ಮೆತ್ತಿದ ಆ ಅಣಬೆಯನ್ನು ಹೋಲುವುದರಿಂದ ಅದೇ ಹೆಸರು ಬಂದಿದೆ. ನಮ್ಮವರು ಇದನ್ನು ಸುಕ್ರುಂಡೆಯ ದಾಯಾದಿಯೆಂದು ಭಾವಿಸಿದರೆ ಅರ್ಥವು ಬೇಗನೆ ಆಗುವುದು: ಒಳಗೆ ಹೂರಣ, ಹೊರಗೆ ಕವಚ, ಎಣ್ಣೆಯಲ್ಲಿ ಕರಿಯುವ ಕೆಲಸ ಮಾತ್ರ ಇಲ್ಲ.

ಮೊದಲು ಬೀಜದ ವಿಷಯ. ಹಸಿ ಬೀಜವನ್ನು ಹಾಗೆಯೇ ಒಣಗಿಸಿ ಹುರಿದರೆ ಕಹಿ ಮತ್ತು ಒಗರು ಉಳಿಯುವುದೇ ಹೊರತು ಚಾಕೊಲೇಟಿನ ಪರಿಮಳವು ಬಾರದು. ಪರಿಮಳಕ್ಕೆ ಮೂಲವಾದದ್ದು ಹುಳಿಸುವಿಕೆ. ಚೆನ್ನಾಗಿ ಹಣ್ಣಾದ ಕಾಯಿಗಳನ್ನು ಒಡೆದು, ಲೋಳೆ ಸಹಿತವಾದ ಬೀಜಗಳನ್ನು ಬಾಳೆಲೆ ಹಾಸಿದ ಬುಟ್ಟಿಯಲ್ಲಿ ತುಂಬಿ, ಮೇಲೆಯೂ ಬಾಳೆಲೆ ಮುಚ್ಚಿ, ಭಾರವಿಟ್ಟು, ಮೂರನೆಯ ಮತ್ತು ಐದನೆಯ ದಿನಗಳಲ್ಲಿ ಮಗುಚಿ, ಆರು ದಿನ ಬಿಡತಕ್ಕದ್ದು. ರಸವು ಇಳಿದುಹೋಗಲು ಬುಟ್ಟಿಯ ತಳದಲ್ಲಿ ಸಂದುಗಳಿರಬೇಕು. ರಾಶಿಯೊಳಗಿನ ಶಾಖವು ಸೆಂಟಿಗ್ರೇಡು ೪೫ ಡಿಗ್ರಿ ದಾಟಿದಾಗಲೇ ಮೊಳಕೆಯು ಸತ್ತು ಬೀಜದೊಳಗೆ ಬೇಕಾದ ಮಾರ್ಪಾಡುಗಳು ಆಗುತ್ತವೆ. ನಾಲ್ಕೈದು ಕಾಯಿಗಳ ಬೀಜವನ್ನು ತಟ್ಟೆಯಲ್ಲಿಟ್ಟು ಹುಳಿಸಲು ನೋಡಿದವರು ಬೂಷ್ಟನ್ನು ಮಾತ್ರ ಕಂಡಿದ್ದಾರೆ. ಯಾತಕ್ಕೆಂದರೆ ಅಷ್ಟು ಸ್ವಲ್ಪ ಬೀಜಕ್ಕೆ ಕಾವೇರುವ ಶಕ್ತಿಯಿಲ್ಲ. ಆದುದರಿಂದ ಸಣ್ಣ ತೋಟದವರು ನೆರೆಯವರೊಡನೆ ಕೂಡಿಕೊಂಡು ಒಂದು ಬುಟ್ಟಿಯನ್ನು ತುಂಬಿಸುವುದು ಮೇಲು. ತರುವಾಯ ಬಿಸಿಲಿನಲ್ಲಿ ಸುಮಾರು ಒಂದು ವಾರ ಒಣಗಿಸತಕ್ಕದ್ದು. ಮುಷ್ಟಿಯಲ್ಲಿ ಹಿಡಿದು ಹಿಸುಕಿದರೆ ಚಟಚಟನೆ ಸದ್ದು ಬರಬೇಕು. ಮಳೆಗಾಲದ ಬೀಜಕ್ಕೆ ಶಾಖದ ಗೂಡು ಬೇಕು. ಹೊಗೆಯು ತಗಲಿದರೆ ಆ ವಾಸನೆಯನ್ನು ಯಾವ ಉಪಾಯದಿಂದಲೂ ತೆಗೆಯಲಾಗದು.

ಒಣಗಿದ ಬೀಜವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಕೈಬಿಡದೆ ಹುರಿದು, ಆರಿದ ಮೇಲೆ ಉಜ್ಜಿ, ಗೆರಸೆಯಲ್ಲಿ ಕೇರಿದರೆ ಸಿಪ್ಪೆಯು ಹಾರಿಹೋಗುವುದು. ಹುರಿಯುವುದನ್ನು ಬಿಡಕೂಡದು; ಬುಟ್ಟಿಯಲ್ಲಿಯೂ ಅಂಗಳದಲ್ಲಿಯೂ ಬೀಜಕ್ಕೆ ಹತ್ತಿದ ರೋಗಾಣುಗಳನ್ನು ಕೊಲ್ಲುವುದೂ ಅದೇ ಶಾಖವೇ. ಉಳಿದ ತಿರುಳಿನಲ್ಲಿ ಸುಮಾರು ಅರ್ಧ ಪಾಲು ಕೊಬ್ಬಿರುವುದರಿಂದ, ಅರೆದಂತೆಲ್ಲ ಅದು ಪುಡಿಯಾಗಿ ಉಳಿಯದೆ ಕರಗಿ ಅರೆಪಾಗುವುದು. ದೋಸೆಹಿಟ್ಟು ರುಬ್ಬುವ ನಮ್ಮ ಕಲ್ಲಿನ ಗ್ರೈಂಡರಿನ ಮಾದರಿಯನ್ನೇ ತಿದ್ದಿಕೊಂಡ ಯಂತ್ರಗಳನ್ನು ಇಂದು ಅಮೆರಿಕ ಮುಂತಾದ ದೇಶಗಳ ಸಣ್ಣ ಚಾಕೊಲೇಟು ತಯಾರಕರು ಉಪಯೋಗಿಸುತ್ತಿದ್ದಾರೆಂಬುದು ಇಲ್ಲಿ ನೆನೆಯತಕ್ಕ ಮಾತು. ಮನೆಯ ಗ್ರೈಂಡರನ್ನು ಸಂಪೂರ್ಣ ಒಣಗಿಸಿಕೊಂಡು, ಮೋಟಾರಿಗೆ ನಡುನಡುವೆ ವಿಶ್ರಾಂತಿ ಕೊಟ್ಟು ಅರೆಯಬಹುದು. ಪೇಟೆಯ ಚಾಕೊಲೇಟಿನ ನುಣುಪು ಬಾರದಿದ್ದರೂ ಉಂಡೆಗೆ ಸಾಕಾಗುವುದು. ನೀರಿನ ಹನಿಯೊಂದು ಬಿದ್ದರೂ ಅರೆಪು ಗಂಟುಗಟ್ಟಿ ಮರಳಿನಂತಾಗುತ್ತದೆ; ನನ್ನ ಮನೆಯಲ್ಲಿಯೇ ಒದ್ದೆ ಸೌಟಿನಿಂದಾಗಿ ಒಂದು ಸಲದ ಶ್ರಮವೆಲ್ಲ ವ್ಯರ್ಥವಾಗಿದೆ.

ಈಗ ಉಂಡೆಯ ಅಳತೆ. ತಿರುಳಿನ ಅರೆಪು ೧೪೦ ಗ್ರಾಂ, ನುಣ್ಣಗಿನ ಸಕ್ಕರೆ ಪುಡಿ ೬೦ ಗ್ರಾಂ, ಒಟ್ಟು ೨೦೦ ಗ್ರಾಂ. ಇದು ಅಂಗಡಿಯಲ್ಲಿ ಶೇಕಡಾ ೭೦ರ ಕಪ್ಪು ಚಾಕೊಲೇಟೆಂದು ಮಾರುವುದಕ್ಕೆ ಸಮ; ಅರೆಯುವ ಅನುಕೂಲವಿಲ್ಲದವರು ಅದನ್ನೇ ಕೊಳ್ಳಬಹುದು. ನೀರು ಬೆರೆಸದೆ ಹಿಂಡಿದ ದಪ್ಪ ತೆಂಗಿನ ಹಾಲು ೧೦೦ ಗ್ರಾಂ. ಹಾಲನ್ನು ಕುದಿ ಬರುವ ಮುಂಚೆ ಇಳಿಸಿ, ಪುಡಿ ಮಾಡಿದ ಚಾಕೊಲೇಟಿನ ಮೇಲೆ ಒಮ್ಮೆಗೇ ಸುರಿದು, ಎರಡು ನಿಮಿಷ ಮುಟ್ಟದೆ ಬಿಟ್ಟು, ಅನಂತರ ನಡುವಿನಿಂದ ಹೊರಕ್ಕೆ ಮೆಲ್ಲನೆ ಕದಡಬೇಕು. ಹನಿ ನೀರಿಗೆ ಕೆಡುವ ಚಾಕೊಲೇಟು ಇಷ್ಟು ಹಾಲಿಗೆ ಕೆಡದಿರುವುದು ಹೇಗೆಂದು ಕೇಳುವವರುಂಟು. ಹನಿಯಷ್ಟು ನೀರು ಪುಡಿಯ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಸಾಕಷ್ಟು ದ್ರವವಿದ್ದಲ್ಲಿ ಕಣಗಳು ಅದರಲ್ಲಿ ತೇಲಿ, ಕೊಬ್ಬೂ ನೀರೂ ಮಜ್ಜಿಗೆಯಂತೆ ಬೆರೆಯುತ್ತವೆ. ಈ ಮಿಶ್ರಣವನ್ನು ತಂಪು ಪೆಟ್ಟಿಗೆಯಲ್ಲಿ ಎರಡು ಗಂಟೆ ಇಟ್ಟರೆ ಕೈಯಲ್ಲಿ ಹಿಡಿಯುವಷ್ಟು ಗಟ್ಟಿಯಾಗುವುದು. ಹತ್ತು ಹತ್ತು ಗ್ರಾಮಿನಂತೆ ಮೂವತ್ತು ಪಾಲು ಮಾಡಿ, ತಟ್ಟಿ, ನಾಲ್ಕು ಗ್ರಾಂ ಹೂರಣವಿಟ್ಟು, ಮುಚ್ಚಿ, ಉರುಟು ಮಾಡಿ, ಕೋಕೋ ಪುಡಿಯಲ್ಲಿ ಹೊರಳಿಸತಕ್ಕದ್ದು. ಕೋಕೋ ಕೊಬ್ಬು ೩೪ ಡಿಗ್ರಿಯ ಆಸುಪಾಸಿನಲ್ಲಿ ಕರಗುವುದರಿಂದ ಕರಾವಳಿಯ ಬೇಸಗೆಯಲ್ಲಿ ಈ ಕೆಲಸವನ್ನು ಮಧ್ಯಾಹ್ನ ಹಿಡಿಯಬಾರದು. ಬೆಳಗಿನ ಜಾವವೇ ಸರಿ.

ಹೂರಣಕ್ಕೆ ಹಸಿ ಹಣ್ಣಿನ ತುಂಡು ಬೇಡ. ಅದರ ನೀರು ಒಸರಿ ಉಂಡೆಯು ಎರಡು ದಿನಗಳಲ್ಲಿ ಹುಳಿಯುವುದು. ಹಣ್ಣನ್ನು ಬೇಯಿಸಿ, ಸೋಸಿ, ಬಾಣಲೆಯ ಬದಿ ಬಿಡುವವರೆಗೆ ಕಾಯಿಸಬೇಕು. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಪೇರಳೆಯನ್ನು ಮೀರಿಸಿದ ಹಣ್ಣಿಲ್ಲ. ಮರದ ಬುಡದಲ್ಲಿ ಬಿದ್ದು ಬಾವಲಿಗಳ ಪಾಲಾಗುವ ಈ ಹಣ್ಣಿನಲ್ಲಿ ಗಟ್ಟಿಯಾಗಿಸುವ ಪೆಕ್ಟಿನ್ ಎಂಬ ದ್ರವ್ಯವು ಹೇರಳವಾಗಿರುವುದರಿಂದ, ಸಕ್ಕರೆಯ ಸಹಾಯವಿಲ್ಲದೆಯೇ ಹಲ್ವದಂತೆ ಗಟ್ಟಿಯಾಗುತ್ತದೆ. ಬೆಟ್ಟದ ನೆಲ್ಲಿಯು ಒಗರಾದರೂ ಪೇರಳೆಯೊಡನೆ ಕಾಲು ಪಾಲು ಸೇರಿಸಿದರೆ ರುಚಿ. ಪುನರ್ಪುಳಿಯ ಸಿಪ್ಪೆಯನ್ನು ನೆನೆಸಿ ಅರೆದು ಚಿಟಿಕೆಯಷ್ಟು ಹಾಕಿದರೆ ಕೋಕೋವಿನ ಕಹಿಗೆ ಒಳ್ಳೆಯ ಜೊತೆ. ಹಲಸಿನ ಬೆರಟಿ, ಮಾಂಬಳ, ಒಣಬಾಳೆ ಇವು ಆರೋಗ್ಯವಂತರಿಗೆ.

ಸಿಹಿಮೂತ್ರದವರ ಲೆಕ್ಕವನ್ನು ಯಜಮಾನರು ಸ್ವತಃ ಹಾಕಿಕೊಳ್ಳುವುದು ಒಳ್ಳೆಯದು. ಮೇಲಿನ ಅಳತೆಯಲ್ಲಿ ೬೦ ಗ್ರಾಂ ಸಕ್ಕರೆಯು ಮೂವತ್ತು ಉಂಡೆಗಳಿಗೆ ಹಂಚಿ ಒಂದೊಂದಕ್ಕೆ ೨ ಗ್ರಾಂ ಬೀಳುತ್ತದೆ. ಖರ್ಜೂರದ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸಕ್ಕರೆಯೇ ಇರುವುದರಿಂದ, ನಾಲ್ಕು ಗ್ರಾಂ ಖರ್ಜೂರದ ಹೂರಣವು ಇನ್ನೂ ಎರಡೂವರೆ ಗ್ರಾಮಿಗೂ ಮೇಲೆ ಸೇರಿಸುವುದು. ಅಂದರೆ ಒಂದು ಉಂಡೆಗೆ ಒಂದು ಸಣ್ಣ ಚಮಚ ಸಕ್ಕರೆ. ಆರು ಉಂಡೆಗೆ ಆರು ಚಮಚ, ಅದೂ ಪಾಯಸದ ಊಟದ ಮೇಲೆ! ಅದೇ ಅರೆಪನ್ನು ೧೭೦ ಗ್ರಾಮಿಗೆ ಏರಿಸಿ, ಸಕ್ಕರೆಯನ್ನು ೩೦ಕ್ಕೆ ಇಳಿಸಿ, ತೆಂಗಿನ ಹಾಲನ್ನು ಎರಡು ಚಮಚ ಹೆಚ್ಚಿಸಿ, ಸಕ್ಕರೆ ಹಾಕದ ಪೇರಳೆ ಹೂರಣ ತುಂಬಿಸಿದರೆ ಉಂಡೆಗೆ ಸುಮಾರು ೨ ಗ್ರಾಂ ಮಾತ್ರ. ಇಂಥವನ್ನು ವೈದ್ಯರ ಒಪ್ಪಿಗೆಯೊಂದಿಗೆ ಊಟದ ಜೊತೆಯಲ್ಲಿ ಒಂದೆರಡು ತಿನ್ನಬಹುದು. ಕೊಬ್ಬು ಮಾತ್ರ ಕಡಿಮೆಯಾಗಿಲ್ಲವೆಂಬುದನ್ನು ಮರೆಯಬಾರದು. ಸಕ್ಕರೆಗೆ ಬದಲಾಗಿ ಸಿಹಿತುಳಸಿ ಎಂಬ ಸ್ಟೀವಿಯಾದ ಪುಡಿಯು ಒದಗುವುದು; ಮಾಲ್ಟಿಟಾಲ್ ಎಂಬುದು ‘ಸಕ್ಕರೆರಹಿತ’ವೆಂಬ ಹೆಸರಿನಲ್ಲಿ ಬಂದರೂ ನೆತ್ತರಿನ ಸಕ್ಕರೆಯನ್ನು ಸ್ವಲ್ಪಮಟ್ಟಿಗೆ ಏರಿಸುತ್ತದೆ, ಹೆಚ್ಚು ತಿಂದರೆ ಭೇದಿಯೂ ಆಗುತ್ತದೆ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ, ಕೆಲವು ಬಗೆಯ ಗುಳಿಗೆ ನುಂಗುವವರಿಗೂ ಸಕ್ಕರೆಯು ಒಮ್ಮೊಮ್ಮೆ ತೀರ ಇಳಿದು ಬೆವರು, ನಡುಕ, ಮಂಕು ಕವಿಯುವುದುಂಟು. ಆಗ ಕೈಗೆ ಸಿಕ್ಕಿತೆಂದು ಚಾಕೊಲೇಟನ್ನು ಕೊಡಬಾರದು. ಅದರ ಕೊಬ್ಬು ಸಕ್ಕರೆಯು ನೆತ್ತರಿಗೆ ಸೇರುವುದನ್ನು ತಡಮಾಡುತ್ತದೆ. ರೋಗಿಗೆ ಎಚ್ಚರವಿದ್ದು ನುಂಗುವ ಶಕ್ತಿಯಿದ್ದಲ್ಲಿ ಗ್ಲೂಕೋಸು ಇಲ್ಲವೆ ಸಕ್ಕರೆ ಕರಗಿಸಿದ ನೀರನ್ನೇ ಕೊಡತಕ್ಕದ್ದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಹಾಲು ಒಗ್ಗದವರಲ್ಲಿ ಎರಡು ವರ್ಗ. ಹಾಲಿನ ಸಕ್ಕರೆಯು ಜೀರ್ಣವಾಗದೆ ಹೊಟ್ಟೆಯುಬ್ಬರ ಪಡುವವರು ಒಂದು. ಹಾಲಿನ ಸಸಾರಜನಕವೇ ಮೈಗೆ ವಿಷದಂತಾಗಿ ದದ್ದು, ಉಬ್ಬಸ ಬರುವವರು ಇನ್ನೊಂದು. ತೆಂಗಿನ ಹಾಲಿನ ಉಂಡೆಯು ಇಬ್ಬರಿಗೂ ಸರಿಯೇ. ಆದರೆ ಎರಡನೆಯವರಿಗೆ ಎಳ್ಳಿನಷ್ಟು ಹಾಲೂ ಸಲ್ಲದು. ಅಂಗಡಿಯ ಕಪ್ಪು ಚಾಕೊಲೇಟಿನಲ್ಲಿಯೂ, ಹಾಲಿನ ಚಾಕೊಲೇಟು ಮಾಡಿದ ಯಂತ್ರದಿಂದ ಅಂಶವು ಸೇರಿರುವುದುಂಟಾದ್ದರಿಂದ ಹೊದಿಕೆಯ ಮೇಲಿನ ಬರಹವನ್ನು ಓದಿ ನೋಡಬೇಕು. ನೆಲಗಡಲೆ, ಗೇರುಬೀಜ ಒಗ್ಗದವರ ವಿಷಯದಲ್ಲಿಯೂ ಹೀಗೆಯೇ. ಗೋಧಿ ಒಗ್ಗದವರಿಗೆ ಕೋಕೋ ಬಾಧಕವಲ್ಲ. ಬಿಸ್ಕತ್ತಿನ ಪುಡಿ ಮತ್ತು ಬಾರ್ಲಿಯ ಮಾಲ್ಟು ಬೆರೆತಿರಬಾರದು.

ಮೂತ್ರಪಿಂಡದ ರೋಗಿಗಳಿಗೆ ಮಾತ್ರ ಈ ತಿಂಡಿಯನ್ನು ನಾನು ಶಿಫಾರಸು ಮಾಡಲಾರೆ. ಕೋಕೋ, ಖರ್ಜೂರ, ಬಾಳೆ, ತೆಂಗಿನ ಹಾಲು ಇವೆಲ್ಲವುಗಳಲ್ಲಿಯೂ ಅವರಿಗೆ ವರ್ಜ್ಯವಾದ ಪೊಟ್ಯಾಸಿಯಂ ಲವಣವು ಹೆಚ್ಚು. ವಿಶೇಷವಾಗಿ, ಹಿತ್ತಲಿನಲ್ಲಿ ಸಿಕ್ಕುವ ದಾರೆಹುಳಿಯನ್ನು ಅಂಥವರಿಗೆ ಹೂರಣವಾಗಿಯಾಗಲಿ ಪಾನಕವಾಗಿಯಾಗಲಿ ಕೊಡಲೇಕೂಡದು. ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಮಾಡದ ಆ ಹಣ್ಣು ಮೂತ್ರಪಿಂಡ ಕೆಟ್ಟವರಲ್ಲಿ ಬಿಕ್ಕಳಿಕೆ, ಬುದ್ಧಿಭ್ರಮಣೆ, ಸೆಳವುಗಳನ್ನು ತಂದು ಪ್ರಾಣವನ್ನೇ ತೆಗೆದ ಉದಾಹರಣೆಗಳಿವೆ.

ತೆಂಗಿನ ಹಾಲಿನ ಉಂಡೆಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತಂಪು ಪೆಟ್ಟಿಗೆಯೊಳಗಿಟ್ಟು ನಾಲ್ಕೈದು ದಿನಗಳೊಳಗೆ ಮುಗಿಸತಕ್ಕದ್ದು. ಡಬ್ಬಿಯನ್ನು ಹೊರತೆಗೆದು ಅರ್ಧ ಗಂಟೆಯ ತರುವಾಯ ಮುಚ್ಚಳ ತೆರೆಯಬೇಕು. ಇಲ್ಲವಾದರೆ ಮಳೆಗಾಲದ ತೇವವು ತಣ್ಣಗಿನ ಉಂಡೆಯ ಮೇಲೆ ಬೆವರಾಗಿ ಕೂಡುತ್ತದೆ. ನಾಯಿಗಳಿಗೆ ಕೋಕೋ ವಿಷ; ಹುರಿದ ಸಿಪ್ಪೆಯನ್ನು ಅವು ಮೂಸುವಲ್ಲಿ ಎಸೆಯದೆ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ಮನೆಬಳಕೆಯನ್ನು ಮೀರಿ ಮಾರಾಟಕ್ಕೆ ಇಳಿಯುವವರು ೨೦೦೬ರ ಆಹಾರ ಸುರಕ್ಷತೆ ಕಾಯಿದೆಯ ಪ್ರಕಾರ ಮೊದಲು ನೋಂದಣಿ ಮಾಡಿಸಿಕೊಳ್ಳಬೇಕು. ಡಬ್ಬಿಯ ಮೇಲೆ ‘ಸಿಹಿಮೂತ್ರದವರಿಗೆ’ ಎಂದು ಬರೆಯುವುದನ್ನು ಬಿಟ್ಟು, ಒಂದು ಉಂಡೆಯ ತೂಕವೆಷ್ಟು, ಅದರಲ್ಲಿ ಬೆಲ್ಲ, ಜೇನು, ಹಣ್ಣುಗಳ ಸಕ್ಕರೆಯೂ ಸೇರಿ ಒಟ್ಟು ಸಕ್ಕರೆ ಎಷ್ಟು ಎಂಬುದನ್ನು ಬರೆಯತಕ್ಕದ್ದು. ಮೇಲೆ ಹೇಳಿದ ಮನೆಯ ಸೊಸೆಯು ಈಗ ಅಡಿಗೆಮನೆಯ ಗೋಡೆಗೆ ಅಂಥದೇ ಒಂದು ಪಟ್ಟಿಯನ್ನು ಅಂಟಿಸಿದ್ದಾಳೆ. ಹಿರಿಯರಿಗೆ ಭಾನುವಾರದ ಊಟಕ್ಕೆ ಪೇರಳೆಯ ಉಂಡೆ ಎರಡು ಸಲ್ಲುತ್ತವೆ. ಮೂರನೆಯದಕ್ಕೆ ಅವರು ಇನ್ನೂ ವಾದಿಸುತ್ತಲೇ ಇದ್ದಾರೆ.